ಪೆಟ್ರೋಲಿನ ಜಾಡು: ಅರಸೀಕೆರೆ ಸೀಮೆಯ ಮೇಸ್ತ್ರಿಗಳ ಒಂದು ವಿದ್ಯೆ

ತುಮಕೂರಿನಿಂದ ಹೊನ್ನಾವರದ ಕಡಲತೀರದವರೆಗೆ ಸಾಗುವ ಹೆದ್ದಾರಿಯು ಅರಸೀಕೆರೆಯ ಊರೊಳಗೆ ಬಿ.ಎಚ್. ರಸ್ತೆಯೆಂದು ಕರೆಯಿಸಿಕೊಳ್ಳುತ್ತದೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳ ಕಡೆಯ ರೈಲುಮಾರ್ಗಗಳು ಕೂಡುವ ಜಂಕ್ಷನ್ನು ಒಂದೆಡೆಯೂ ತೆಂಗಿನಕಾಯಿ ಮತ್ತು ಉಂಡೆ ಕೊಬ್ಬರಿಯ ಮಾರುಕಟ್ಟೆ ಇನ್ನೊಂದೆಡೆಯೂ ಇರುವುದರಿಂದ, ಹೊರೆ ಹೊತ್ತ ಗಾಡಿಗಳ ಸಂಚಾರವು ಈ ಊರಿಗೆ ಬಹು ಕಾಲದಿಂದ ಪರಿಚಿತವಾದದ್ದು. ಗಾಡಿಗಳು ನಿಲ್ಲುವ ಊರಿನಲ್ಲಿ ಅವುಗಳನ್ನು ಬಿಚ್ಚಿ ಜೋಡಿಸಬಲ್ಲವರೂ ನೆಲೆನಿಲ್ಲುವುದು ಸಹಜವಾದ್ದರಿಂದ, ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯುದ್ದಕ್ಕೂ ತೂಗುಬಿಟ್ಟ ಸ್ಪ್ಯಾನರುಗಳು, ಇವಿಷ್ಟೇ ಆಸ್ತಿಯಾಗಿ ಉಳ್ಳ ಶೆಡ್ಡುಗಳು ಇಲ್ಲಿಯೂ, ಇಲ್ಲಿಂದ ಬಾಣಾವರ, ಜಾವಗಲ್ಲುಗಳ ಮೂಲಕ ಹಳೇಬೀಡಿಗೂ ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೂ ಹೋಗುವ ದಾರಿಯುದ್ದಕ್ಕೂ ಕಾಣಸಿಗುತ್ತವೆ. ಈ ಶೆಡ್ಡುಗಳಲ್ಲಿ ನಡೆಯುವ ಹಲವು ಬಗೆಯ ಕೆಲಸಗಳಲ್ಲಿ ನಾನು ಇಲ್ಲಿ ಪರಿಚಯಿಸಬಯಸುವುದು ಒಂದನ್ನು ಮಾತ್ರ: ಹಳೆಯ ಪೆಟ್ರೋಲು ಗಾಡಿಯಲ್ಲಿ ವಾಸನೆ ಎದ್ದಾಗ, ಅದು ಎಲ್ಲಿಂದ ಹೊರಟಿತೆಂಬುದನ್ನು ಯಾವ ಯಂತ್ರದ ನೆರವೂ ಇಲ್ಲದೆ ಕಂಡುಹಿಡಿಯುವ ವಿದ್ಯೆ. ಅದನ್ನು ವಿದ್ಯೆಯೆಂದು ಕರೆಯುವುದರಲ್ಲಿ ನನಗೆ ಸಂಕೋಚವಿಲ್ಲ.

ಲಾರಿಯೆಂದರೆ ಡೀಸೆಲ್ಲೇ ಎಂಬ ಭಾವನೆ ಇಂದಿನವರದು. ಸ್ವಾತಂತ್ರ್ಯದ ಸುಮಾರಿನಲ್ಲಿ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಫಾರ್ಗೋ, ಡಾಜ್, ಬೆಡ್‌ಫರ್ಡ್ ಲಾರಿಗಳಲ್ಲಿ ಪೆಟ್ರೋಲ್ ಎಂಜಿನ್ನಿನವೇ ವಿಶೇಷವಾಗಿದ್ದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಅನಿಲದಿಂದ ಅವುಗಳನ್ನು ಓಡಿಸಿದ ಸಂಗತಿಯನ್ನು ಹಿರಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿಗಿಟ್ಟ ಜೀಪುಗಳೂ ಲಾರಿಗಳೂ ಊರೂರಿಗೆ ಬಂದುವು. 1947ರಿಂದ ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿಯೇ ಜೋಡಿಸತೊಡಗಿತು. 1954ರಲ್ಲಿ ಟಾಟಾ ಮತ್ತು ಡೈಮ್ಲರ್-ಬೆಂಜ್ ಸಂಸ್ಥೆಗಳ ಒಪ್ಪಂದದಿಂದ ಡೀಸೆಲ್ ಲಾರಿ ಬಂದ ಬಳಿಕ ಭಾರದ ಸಾಗಾಣಿಕೆಯಿಂದ ಪೆಟ್ರೋಲು ಕ್ರಮೇಣ ಹಿಂದೆ ಸರಿಯಿತು. ಆದರೂ ಬೇಲೂರು, ಮೂಡಿಗೆರೆಗಳ ಕಾಫಿ ತೋಟಗಳಲ್ಲಿ ಪೆಟ್ರೋಲ್ ಜೀಪುಗಳೂ, ಹಿಂಭಾಗವನ್ನು ಕತ್ತರಿಸಿ ಸರಕಿನ ತೊಟ್ಟಿಯನ್ನು ಕೂರಿಸಿದ ಪಿಕಪ್ಪುಗಳೂ ಬಹುಕಾಲ ದುಡಿದುವು. ಅವುಗಳಲ್ಲಿ ಉಳಿದುಕೊಂಡವು ಇಂದಿಗೂ ಶೆಡ್ಡಿಗೆ ಬರುತ್ತವೆ, ಮತ್ತು ಬಂದಾಗ ಬಹುಮಟ್ಟಿಗೆ ಹೊತ್ತು ತರುವ ದೂರು ವಾಸನೆಯದೇ.

ಈ ದೂರನ್ನು ಹಗುರವಾಗಿ ಎಣಿಸಬಾರದು. ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲಕ್ಕೇರಿ ಚದುರದೆ, ನೀರಿನ ಹಾಗೆ ತಗ್ಗನ್ನು ಹುಡುಕಿಕೊಂಡು ಹರಿದು, ಗಾಡಿಯ ತಳದ ಗುಂಡಿಯಲ್ಲಿಯೂ ಶೆಡ್ಡಿನ ಮೂಲೆಯಲ್ಲಿಯೂ ಮಡುಗಟ್ಟುತ್ತದೆ. ಸೊನ್ನೆಗಿಂತ 40 ಡಿಗ್ರಿ ಸೆಲ್ಷಿಯಸ್ ಕೆಳಗಿನ ಶೈತ್ಯದಲ್ಲಿಯೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಈ ದ್ರವವು ಬಿಡಬಲ್ಲದು. ಗಾಳಿಯಲ್ಲಿ ಆ ಆವಿಯು ನೂರಕ್ಕೆ ಸುಮಾರು 1.4ರಿಂದ 7.6 ಭಾಗದವರೆಗೆ ಬೆರೆತಿರುವಾಗಲೇ ಅದು ಸ್ಫೋಟಿಸುವುದು. ನಮ್ಮ ಮೂಗು ಇದಕ್ಕಿಂತ ಎಷ್ಟೋ ಪಾಲು ಕಡಮೆಯಿರುವಾಗಲೇ ಎಚ್ಚರಿಸುತ್ತದೆಂಬುದು ದೈವದ ಕೃಪೆ. ಆದುದರಿಂದ ಬಲ್ಲ ಮೇಸ್ತ್ರಿಗಳು ಗಾಡಿಯ ಬಾನೆಟ್ಟನ್ನು ಎತ್ತುವುದಕ್ಕೆ ಮುಂಚೆ ಅದನ್ನು ಬಯಲಿಗೆ ತಳ್ಳಿಸುತ್ತಾರೆ, ಬೀಡಿ ಹಚ್ಚಿದವರನ್ನು ದೂರಕ್ಕೆ ಕಳುಹಿಸುತ್ತಾರೆ, ಬ್ಯಾಟರಿಯ ತಂತಿಯನ್ನು ಕಳಚುತ್ತಾರೆ, ಮರಳಿನ ಬಕೆಟ್ಟನ್ನು ಕೈಗೆಟಕುವಂತೆ ಇರಿಸುತ್ತಾರೆ.

ಆ ಬಳಿಕವೂ ಅವರು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಿಲ್ಲ, ವಿಚಾರಣೆಗೆ ತೊಡಗುತ್ತಾರೆ. "ಗೌಡ್ರೆ, ವಾಸ್ನೆ ಯಾವಾಗ ಬತ್ತದೆ? ನಿಂತಾಗ್ಲೋ, ಓಡುವಾಗ್ಲೋ? ಟ್ಯಾಂಕು ತುಂಬಿಸಿದ್ ದಿನವೋ, ದಿನಾಲೂವೋ?" ಎಂಬ ಪ್ರಶ್ನೆಯು ಕೇಳುವುದಕ್ಕೆ ಲೋಕಾಭಿರಾಮದ ಮಾತಿನಂತಿದ್ದರೂ, ಈ ವಿದ್ಯೆಯ ಮುಕ್ಕಾಲು ಪಾಲು ಅದರಲ್ಲಿಯೇ ಅಡಗಿದೆಯೆಂದು ನನ್ನ ನಂಬಿಕೆ. ವಾಸನೆಗೆ ಸ್ಥಳವಿಲ್ಲ, ಅದು ಗಾಳಿ ಬೀಸಿದತ್ತ ಅಲೆಯತಕ್ಕದ್ದು. ಆದರೆ ಅದಕ್ಕೊಂದು ಕಾಲವಿದೆ, ಮತ್ತು ಆ ಕಾಲವನ್ನು ತಿಳಿದವನು ಸ್ಥಳವನ್ನು ಊಹಿಸಬಲ್ಲನು. ಟ್ಯಾಂಕು ತುಂಬಿಸಿದ ದಿನ ಮಾತ್ರವೇ ವಾಸನೆ ಎದ್ದು, ಅರ್ಧ ಖಾಲಿಯಾದ ಮೇಲೆ ಅಡಗುವುದಾದರೆ ದೋಷವು ಟ್ಯಾಂಕಿನ ಮೇಲ್ಭಾಗದ್ದು: ಬಾಯಿಯ ರಬ್ಬರು ಕೊಳವೆ, ಮುಚ್ಚಳ, ಇಲ್ಲವೆ ಗೇಜಿನ ಕೆಳಗಿನ ಬೆಂಡಿನ ಪ್ಯಾಕಿಂಗು. ನೆಲದಡಿಯ ತೊಟ್ಟಿಯಿಂದ ತಂಪಾಗಿ ಬಂದ 40 ಲೀಟರು ಪೆಟ್ರೋಲು ಬಿಸಿಲಿನಲ್ಲಿ 20 ಡಿಗ್ರಿಯಷ್ಟು ಕಾದರೆ ಸುಮಾರು ಮುಕ್ಕಾಲು ಲೀಟರು ಹಿಗ್ಗುವುದರಿಂದ, ಕಂಠಪೂರ್ತಿ ತುಂಬಿಸಿದವರ ಟ್ಯಾಂಕು ಇದ್ದ ಸಂದಿಯಲ್ಲಿ ಅದನ್ನು ಹೊರಗೆ ಚೆಲ್ಲಲೇಬೇಕಾಗುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಕೆಳಗೆ ಬೆಳಗ್ಗೆ ಕಲೆ ಕಂಡರೆ ಸಂಶಯವು ಟ್ಯಾಂಕಿನ ತಳಕ್ಕೂ ಅದರ ಬೆಸುಗೆಯ ಅಂಚಿಗೂ ಹೋಗುತ್ತದೆ. ಓಡುವಾಗ ಮಾತ್ರ ಬರುವುದು ಪಂಪಿನಿಂದ ಕಾರ್ಬುರೇಟರಿನವರೆಗಿನ ಒತ್ತಡದ ಹಾದಿಯದು. ಹಳೆಯ ಜೀಪಿನಲ್ಲಿ ಟ್ಯಾಂಕಿರುವುದೇ ಚಾಲಕನ ಆಸನದ ಅಡಿಯಲ್ಲಾದ್ದರಿಂದ, ಒಳಗೆ ಕುಳಿತವನಿಗೆ ಸದಾ ವಾಸನೆ ಬರುತ್ತಿದ್ದರೆ ಮೊದಲು ಆಸನವನ್ನೆತ್ತಿ ನೋಡುವುದು ವಾಡಿಕೆ.

ಇನ್ನೊಂದು ಬಗೆಯ ವಾಸನೆಯುಂಟು. ಅದು ಘಟ್ಟದವರಿಗೆ ಚಿರಪರಿಚಿತವಾದದ್ದು. ಉಜಿರೆಯ ಕಡೆಯಿಂದ ಚಾರ್ಮಾಡಿಯನ್ನು ಹತ್ತಿ ಕೊಟ್ಟಿಗೆಹಾರದಲ್ಲಿ ಕಾಫಿಗೆಂದು ಗಾಡಿಯನ್ನು ನಿಲ್ಲಿಸಿದೊಡನೆ ಘಾಟು ಮುತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಲ್ಲವಾಗುತ್ತದೆ, ಹುಡುಕಿದರೆ ಒಂದು ಹನಿಯೂ ಸಿಕ್ಕುವುದಿಲ್ಲ. ಎಂಜಿನ್ನು ನಿಂತಾಗ ಫ್ಯಾನೂ ನೀರಿನ ಪರಿಚಲನೆಯೂ ನಿಂತು, ಒಳಗಿನ ಕಾವೆಲ್ಲ ಮೇಲೆದ್ದು ಕಾರ್ಬುರೇಟರಿನ ಬಟ್ಟಲನ್ನು ಕುದಿಸುತ್ತದೆ. ಕುದಿದ ಪೆಟ್ರೋಲು ಜೆಟ್ಟುಗಳ ಮೂಲಕ ಉಕ್ಕಿ ಆವಿಯಾಗುತ್ತದೆ. ಇದು ಸೋರಿಕೆಯಲ್ಲ. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಕಾವನ್ನು ತಡೆಯುವ ದಪ್ಪ ಪ್ಯಾಕಿಂಗನ್ನು ಕೊಡುವುದು, ಪೆಟ್ರೋಲಿನ ಪೈಪನ್ನು ಸೈಲೆನ್ಸರಿನ ಕಡೆಯಿಂದ ದೂರ ಬಾಗಿಸಿ ಕಟ್ಟುವುದು, ಇಷ್ಟೇ ಅದಕ್ಕೆ ಪರಿಹಾರ. ಇದನ್ನು ಅರಿಯದವರು ಪಂಪನ್ನೂ ಹೋಸುಗಳನ್ನೂ ಕೊನೆಗೆ ಕಾರ್ಬುರೇಟರನ್ನೇ ಬದಲಾಯಿಸಿ ಯಜಮಾನನ ಹಣವನ್ನು ವ್ಯಯ ಮಾಡುವುದುಂಟು. ಕಾರಣ ತಿಳಿಯುವುದಕ್ಕೆ ಮುಂಚೆ ಭಾಗ ಬದಲಾಯಿಸುವ ಅಭ್ಯಾಸವು ಇಂದು ದೊಡ್ಡ ದೊಡ್ಡ ಸರ್ವಿಸ್ ಕೇಂದ್ರಗಳಲ್ಲಿಯೂ ಬೆಳೆಯುತ್ತಿರುವುದನ್ನು ಕಂಡಾಗ, ಮರದ ಪೆಟ್ಟಿಗೆಯ ಮೇಲೆ ಕುಳಿತು ಪ್ರಶ್ನೆ ಕೇಳುವ ಈ ಮೇಸ್ತ್ರಿಗಳ ಬಗೆಗೆ ನನ್ನ ಗೌರವ ಇಮ್ಮಡಿಯಾಗುತ್ತದೆ.

ವಿಚಾರಣೆಯ ಅನಂತರ ಪರೀಕ್ಷೆ. ಅದಕ್ಕೆ ಪ್ರಶಸ್ತವಾದದ್ದು ಪ್ರಾತಃಕಾಲ. ಬಯಲುಸೀಮೆಯ ಬಿಸಿಲಿನಲ್ಲಿ ಹೊರಬಿದ್ದ ಹನಿಯು ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ. ತಂಪಿನಲ್ಲಾದರೆ ಒದ್ದೆಯು ಕಣ್ಣಿಗೆ ಕಾಣುವಷ್ಟು ಕಾಲ ನಿಲ್ಲುತ್ತದೆ. ಡೀಸೆಲು ಸೋರಿದಲ್ಲಿ ಜಿಡ್ಡು ಕೂತು ಧೂಳು ಮೆತ್ತಿಕೊಳ್ಳುವುದು; ಪೆಟ್ರೋಲಾದರೋ ಹಳೆಯ ಗ್ರೀಸನ್ನೂ ಕೊಳೆಯನ್ನೂ ಕರಗಿಸಿಕೊಂಡು ಹೋಗುವುದರಿಂದ, ಕಪ್ಪು ಹಿಡಿದ ಛಾಸಿಯ ನಡುವೆ ತೊಳೆದಿಟ್ಟಂತೆ ಶುಭ್ರವಾಗಿರುವ ಗೆರೆಯೊಂದು ಕಂಡರೆ ಅಲ್ಲಿಯೇ ಅದರ ಹಾದಿಯೆಂದು ತಿಳಿಯಬೇಕು. ಹನಿ ಬಿದ್ದ ಸ್ಥಳವೇ ಸೋರುವ ಸ್ಥಳವೆಂದು ನಂಬುವುದು ಹೊಸಬರ ಸ್ವಭಾವ. ಪೈಪಿನ ಮೈ ಹಿಡಿದು, ಛಾಸಿಯ ಅಂಚಿನಲ್ಲಿ ಜಾರಿ, ಓಡುವ ಗಾಡಿಯ ಗಾಳಿಗೆ ಹಿಂದಕ್ಕೆ ತಳ್ಳಲ್ಪಟ್ಟು, ಮೂಲದಿಂದ ಎರಡು ಮೂರು ಅಡಿ ಆಚೆಗೆ ತೊಟ್ಟಿಕ್ಕುವ ದ್ರವವನ್ನು ಅನುಸರಿಸಿ ಮೇಲುಮೇಲಕ್ಕೆ ಹೋಗಿ, ಒದ್ದೆಯಾಗಿರುವ ಅತ್ಯುನ್ನತ ಬಿಂದುವನ್ನು ಮುಟ್ಟಿದಾಗಲೇ ಹುಡುಕಾಟ ಮುಗಿಯುವುದು. ಅದೂ ಸಂದೇಹಾಸ್ಪದವಾಗಿದ್ದರೆ ಕೀಲುಗಳನ್ನೆಲ್ಲ ಬಟ್ಟೆಯಿಂದ ಒರಸಿ ಒಣಗಿಸಿ, ಅವುಗಳ ಮೇಲೆ ಬಳಪದ ಪುಡಿಯನ್ನೋ ಮುಖದ ಪೌಡರನ್ನೋ ಉದುರಿಸಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸುತ್ತಾರೆ. ಎಲ್ಲಿ ಬಿಳುಪು ಮಾಸಿ ನೆನೆಯಿತೋ ಅಲ್ಲಿ ಅಪರಾಧಿ ಸಿಕ್ಕಿತು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವನ ಗುಡಿಯೂ ಹಳೇಬೀಡಿನ ಹೊಯ್ಸಳೇಶ್ವರವೂ ಈ ಬಳಪದ ಕಲ್ಲಿನವೇ ಆಗಿದ್ದು, ಶಿಲ್ಪಿಯ ಉಳಿಗೆ ಅಷ್ಟು ಸೂಕ್ಷ್ಮವಾಗಿ ಒಲಿದ ಮೃದುತ್ವವೇ ಆ ಪುಡಿಯು ಲೋಹದ ಮೇಲೆ ತೆಳ್ಳಗೆ ಹರಡಿ ನಿಲ್ಲುವುದಕ್ಕೂ ಕಾರಣವೆಂಬುದನ್ನು ಈ ಸೀಮೆಯಲ್ಲಿ ಹೇಳದೆ ಮುಂದುವರಿಯಲು ನನಗೆ ಮನಸ್ಸು ಬಾರದು.

ಮೂಗನ್ನು ಬಳಸುವುದರಲ್ಲಿಯೂ ಕ್ರಮವಿದೆ. ಒಂದೇ ವಾಸನೆಯನ್ನು ಎಡೆಬಿಡದೆ ಆಘ್ರಾಣಿಸಿದ ಮೂಗು ಕೆಲವು ನಿಮಿಷಗಳಲ್ಲಿ ಜಡವಾಗಿ ಅದನ್ನು ಗುರುತಿಸದೆ ಹೋಗುತ್ತದೆ. ದಿನವೂ ಅದೇ ಗಾಡಿಯಲ್ಲಿ ಕೂರುವ ಯಜಮಾನರು ವಾಸನೆ ಕಡಮೆಯಾಯಿತೆಂದು ಹೇಳುವುದು ಈ ಕಾರಣದಿಂದಲೇ; ಆ ಮಾತನ್ನು ಮೇಸ್ತ್ರಿಗಳು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ತಾವೂ ನಡುನಡುವೆ ಬಯಲಿಗೆ ಹೋಗಿ ಉಸಿರಾಡಿ ಬರುತ್ತಾರೆ, ಇಲ್ಲವೆ ಆಗತಾನೆ ಬಂದ ಹುಡುಗನನ್ನು ಕರೆದು "ನೋಡ್ಲಾ ಮಗ, ಎಲ್ಲಿ ಜಾಸ್ತಿ ಅಂತ" ಎಂದು ಕೇಳುತ್ತಾರೆ.

ಹಳೆಯ ಗಾಡಿಯ ಹಾದಿಯಲ್ಲಿ ಅತ್ಯಂತ ವಂಚಕವಾದ ಭಾಗವೆಂದರೆ ಎ.ಸಿ. ಪಂಪು. ಎಂಜಿನ್ನಿನ ಕ್ಯಾಮಿನಿಂದ ಅಲುಗುವ ಸನ್ನೆಯೊಂದು ಒಳಗಿನ ಡಯಾಫ್ರಮ್ಮನ್ನು ಕೆಳಕ್ಕೆಳೆದು ಬಿಡುವುದರಿಂದ ಪೆಟ್ರೋಲು ಟ್ಯಾಂಕಿನಿಂದ ಹೀರಲ್ಪಟ್ಟು ಕಾರ್ಬುರೇಟರಿಗೆ ಏರುತ್ತದೆ. ಆ ಪೊರೆಯು ಬಿರಿದಾಗ ಸೋರಿಕೆ ಹೊರಗೆ ಕಾಣಲೆಂದೇ ಪಂಪಿನ ಮೈಯಲ್ಲಿ ತಯಾರಕರು ಸಣ್ಣ ರಂಧ್ರವನ್ನು ಬಿಟ್ಟಿರುತ್ತಾರೆ. ಆ ರಂಧ್ರದಿಂದ ತೊಟ್ಟಿಕ್ಕುವುದನ್ನು ಕಂಡು, ದೋಷ ಅಲ್ಲಿಯೇ ಇದೆಯೆಂದು ಭ್ರಮಿಸಿ, ಎಂ-ಸೀಲಿನಿಂದ ಅದನ್ನು ಮುಚ್ಚುವವರಿದ್ದಾರೆ. ಆಗ ಹೊರಗಿನ ವಾಸನೆ ನಿಲ್ಲುವುದು ನಿಜ. ಆದರೆ ದಾರಿ ಕಾಣದ ಪೆಟ್ರೋಲು ಎಂಜಿನ್ನಿನ ಆಯಿಲಿಗೆ ಇಳಿದು, ಅದನ್ನು ನೀರಾಗಿಸಿ, ಬೇರಿಂಗುಗಳನ್ನು ಸವೆಸುತ್ತ ಹೋಗುತ್ತದೆ. ಅನುಭವಿಗಳು ಡಿಪ್‌ಸ್ಟಿಕ್ಕನ್ನು ಎಳೆದು ಮೂಸುವುದೂ, ಹಾಕದೆಯೇ ಆಯಿಲಿನ ಮಟ್ಟ ಏರಿದ್ದರೆ ಗಾಡಿಯನ್ನು ಸ್ಟಾರ್ಟು ಮಾಡಬಾರದೆಂದು ತಡೆಯುವುದೂ ಇದಕ್ಕಾಗಿಯೇ. ಟ್ಯಾಂಕಿನಿಂದ ಪಂಪಿನವರೆಗಿನ ಹೀರುವ ಹಾದಿಯಲ್ಲಿ ಬಿರುಕಿದ್ದರೆ ಓಡುವಾಗ ಪೆಟ್ರೋಲು ಹೊರಬರುವ ಬದಲು ಗಾಳಿಯೇ ಒಳಹೊಗುತ್ತದೆ; ಏರಿನಲ್ಲಿ ಎಂಜಿನ್ನು ಮುಗ್ಗರಿಸುವುದೂ ನಿಂತ ಮೇಲೆ ತೊಟ್ಟಿಕ್ಕುವುದೂ ಒಂದೇ ಬಿರುಕಿನ ಎರಡು ಲಕ್ಷಣಗಳಾಗಿರಬಹುದು. ಕಾರ್ಬುರೇಟರು ಓವರ್‌ಫ್ಲೋ ಆಗುತ್ತಿದ್ದರೆ ನೀಡಲ್ ವಾಲ್ವಿನಲ್ಲಿ ಕಸ ಕೂತಿರಬೇಕು, ಇಲ್ಲವೆ ಹಿತ್ತಾಳೆಯ ಫ್ಲೋಟು ತೂತಾಗಿ ಮುಳುಗುತ್ತಿರಬೇಕು. ಫ್ಲೋಟನ್ನು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದರೆ ಒಳಹೊಕ್ಕ ಪೆಟ್ರೋಲು ಕುಲುಕುವ ಸದ್ದು ಕೇಳಿಸುತ್ತದೆ. ಬಿಸಿನೀರಿನಲ್ಲಿ ಅದ್ದಿದರೆ ತೂತಿನಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಹೊಸ ಕಾರಣವೊಂದು ಕೂಡಿಕೊಂಡಿದೆ. ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಕ್ರಮೇಣ ಎಲ್ಲೆಡೆಗೂ ಹಬ್ಬಿತು. ಕಬ್ಬು ಮತ್ತು ಧಾನ್ಯಗಳಿಂದ ಪಡೆದ ಇಂಧನವು ದೇಶಕ್ಕೆ ಹಿತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಕನಸಿನಲ್ಲಿಯೂ ಎಣಿಸದಿದ್ದ ಕಾಲದ ರಬ್ಬರು ಹೋಸುಗಳೂ ಬೆಂಡಿನ ಪ್ಯಾಕಿಂಗುಗಳೂ ಪಂಪಿನ ಪೊರೆಗಳೂ ಅದರಲ್ಲಿ ನೆನೆದು ಊದಿಕೊಳ್ಳುತ್ತವೆ, ಆರಿದಾಗ ಬಿರಿಯುತ್ತವೆ. ಎಥನಾಲು ನೀರನ್ನು ತನ್ನತ್ತ ಸೆಳೆಯುವ ದ್ರವವಾದುದರಿಂದ, ಮಳೆಗಾಲವಿಡೀ ನಿಂತ ಮಲೆನಾಡಿನ ಗಾಡಿಯ ಟ್ಯಾಂಕು ಒಳಗಿನಿಂದಲೇ ತುಕ್ಕು ತಿನ್ನುವ ಭಯವೂ ಉಂಟು. ಹಳೆಯ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ಹೋಸುಗಳೆಲ್ಲವನ್ನೂ ಎಥನಾಲಿಗೆ ತಾಳುವ ಬಗೆಯವಕ್ಕೆ ಒಮ್ಮೆಗೇ ಬದಲಾಯಿಸಿಕೊಳ್ಳುವುದು ವಿವೇಕ. ಕಾರಣ ತಿಳಿದ ಮೇಲಿನ ಬದಲಾವಣೆಯಾದ್ದರಿಂದ ಇದಕ್ಕೆ ನನ್ನ ಆಕ್ಷೇಪವಿಲ್ಲ.

ಟ್ಯಾಂಕೇ ತೂತಾಗಿದ್ದರೆ ಕೆಲಸ ಗಂಭೀರವಾಗುತ್ತದೆ. ದಾರಿಯಲ್ಲಿ ಸಿಕ್ಕಿಬಿದ್ದವರು ಬಟ್ಟೆ ಸೋಪನ್ನು ತಿಕ್ಕಿ ತೂತನ್ನು ಮೆತ್ತಿ ಊರು ಸೇರುವುದುಂಟು. ಪೆಟ್ರೋಲಿಗೆ ಸೋಪು ಕರಗದಿರುವುದರಿಂದ ಅದು ತಾತ್ಕಾಲಿಕವಾಗಿ ಸಲ್ಲುತ್ತದೆ. ಬೆಸುಗೆಯ ಮಾತು ಬೇರೆ. ತುಂಬಿದ ಟ್ಯಾಂಕಿಗಿಂತ ಖಾಲಿಯಾದ ಟ್ಯಾಂಕು ಹೆಚ್ಚು ಅಪಾಯಕರ. ಬರಿದಾದ ಆ ಪೆಟ್ಟಿಗೆಯೊಳಗೆ ಆವಿಯೂ ಗಾಳಿಯೂ ಸ್ಫೋಟಕ್ಕೆ ಒದಗುವ ಪ್ರಮಾಣದಲ್ಲಿಯೇ ಬೆರೆತಿರುವ ಸಂಭವ ಉಂಟು. ಆದುದರಿಂದ ಟ್ಯಾಂಕನ್ನು ಇಳಿಸಿ, ಬಿಸಿನೀರಿನಿಂದಲೂ ಸೋಪಿನಿಂದಲೂ ಮತ್ತೆ ಮತ್ತೆ ಕುಲುಕಿ ತೊಳೆದು, ಬೆಸೆಯಬೇಕಾದ ಸ್ಥಳವನ್ನು ಮೇಲ್ಮಾಡಿ, ಅದರ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿ, ಆಮೇಲೆ ಕೆಲಸಕ್ಕೆ ಕೈಹಾಕುತ್ತಾರೆ. ಅವಸರದವರಿಗೆ ಇಲ್ಲಿ ಎಡೆಯಿಲ್ಲ. ಒಂದು ದಿನ ತಡವಾದರೂ ಸರಿಯೆ, ತೊಳೆಯದ ಟ್ಯಾಂಕಿಗೆ ಬೆಂಕಿ ತೋರಿಸಲಾರೆನೆಂದು ಗಿರಾಕಿಯನ್ನು ಹಿಂದಕ್ಕೆ ಕಳುಹಿಸುವ ಮೇಸ್ತ್ರಿಯ ಬಳಿಯೇ ಗಾಡಿಯನ್ನು ಬಿಡುವುದು ಲೇಸು.

ದುರಸ್ತಿಯಾದ ಗಾಡಿಯನ್ನು ಒಡನೆಯೇ ಒಪ್ಪಿಸುವುದಿಲ್ಲ. ಟ್ಯಾಂಕನ್ನು ತುಂಬಿಸಿ, ಜಾವಗಲ್ಲಿನ ದಾರಿಯಲ್ಲಿ ಎಂಜಿನ್ನು ಚೆನ್ನಾಗಿ ಕಾಯುವವರೆಗೆ ಓಡಿಸಿ ತಂದು, ಇಳಿಜಾರಿನಲ್ಲಿ ಮೊದಲು ಮೂತಿ ಮೇಲಾಗಿಯೂ ಆಮೇಲೆ ಮೂತಿ ಕೆಳಗಾಗಿಯೂ ನಿಲ್ಲಿಸಿ ನೋಡುತ್ತಾರೆ. ಅಡಿಯಲ್ಲಿ ಹಳೆಯ ವೃತ್ತಪತ್ರಿಕೆಯನ್ನು ಹಾಸಿ ರಾತ್ರಿ ಬಿಟ್ಟು, ಬೆಳಗ್ಗೆ ಪ್ರತಿಯೊಂದು ಕೀಲನ್ನೂ ಒಣ ಬೆರಳಿನಿಂದ ಮುಟ್ಟಿ ಮೂಸುತ್ತಾರೆ. ಹೊಸ ಹೋಸು ಮೊದಲ ಕಾವಿಗೆ ಒಂದಿಷ್ಟು ಮೆತ್ತಗಾಗಿ ಕೂರುವುದರಿಂದ ಕ್ಲಿಪ್ಪುಗಳನ್ನು ಆಗ ಇನ್ನೊಂದು ಸುತ್ತು ಬಿಗಿಯುತ್ತಾರೆ, ಮತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ತಂದು ತೋರಿಸಬೇಕೆಂದು ಹೇಳಿ ಕೀಲಿಕೈಯನ್ನು ಕೊಡುತ್ತಾರೆ.