ಕಾಮಾಕ್ಕೆ ಉಸಿರಿನ ಲೆಕ್ಕವಿಲ್ಲ

‘ಐ ವುಡ್ ಲೈಕ್ ಟು ಇನ್ಫಾರ್ಮ್ ಯು ದಟ್’ ಎಂದು ಬರೆದು, ‘ದಟ್’ ಮುಗಿಯುತ್ತಿದ್ದಂತೆ ಒಂದು ಕಾಮಾ ಹಾಕಿ, ಆಮೇಲೆ ಜ್ವರದ ವಿಷಯಕ್ಕೆ ಬರುವ ರಜೆ ಅರ್ಜಿ ನಮ್ಮಲ್ಲಿ ಯಾವ ಕಚೇರಿಯ ಫೈಲಿನಲ್ಲಾದರೂ ಸಿಗುತ್ತದೆ. ಓದುವಾಗ ಅಲ್ಲಿ ನಾಲಿಗೆ ತಡೆಯುತ್ತದೆ ನಿಜ. ಆದರೆ ಇಂಗ್ಲಿಷ್ ವ್ಯಾಕರಣಕ್ಕೆ ಆ ಕಾಮಾ ಬೇಡವೇ ಬೇಡ. ‘ದಟ್’ ಮುಂದಿನ ಮಾತಿಗೆ ಅಂಟಿಕೊಂಡಿರುವ ಪದ.

ಉಸಿರು ತೆಗೆದುಕೊಳ್ಳುವಲ್ಲಿ ಕಾಮಾ ಹಾಕು ಎಂಬ ಪಾಠ ಹಳೆಯದು. 1795ರಲ್ಲಿ ಬಂದ ಲಿಂಡ್ಲಿ ಮರ್ರೆಯ ವ್ಯಾಕರಣವು ಕಾಮಾಕ್ಕೆ ಅತಿ ಚಿಕ್ಕ ನಿಲುಗಡೆ, ಸೆಮಿಕೋಲನ್‌ಗೆ ಅದರ ಎರಡರಷ್ಟು, ಕೋಲನ್‌ಗೆ ಮತ್ತೆ ಎರಡರಷ್ಟು, ಫುಲ್‌ಸ್ಟಾಪಿಗೆ ಅದಕ್ಕೂ ಎರಡರಷ್ಟು ಎಂದು ತಾಳ ಹಾಕಿಕೊಟ್ಟಿತ್ತು. ಗಟ್ಟಿಯಾಗಿ ಓದುವ ಕಾಲಕ್ಕೆ ಸರಿಹೋದ ಲೆಕ್ಕವದು. ಇಂದಿನ ಕಾಮಾದ ಕೆಲಸ ಯಾವ ಪದ ಯಾವುದಕ್ಕೆ ಸೇರಿದ್ದು ಎಂದು ತೋರಿಸುವುದು.

ಅದು ತೋರಿಸದೆ ಹೋದರೆ ಏನಾದೀತು? ಅಮೆರಿಕದ ಮೇನ್ ರಾಜ್ಯದಲ್ಲಿ ವಾರಕ್ಕೆ 40 ಗಂಟೆ ಮೀರಿ ದುಡಿದವರಿಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕೆಂಬ ಕಾನೂನಿದೆ. ಬೇಗ ಕೆಡುವ ಆಹಾರಕ್ಕೆ ಸಂಬಂಧಿಸಿದ ಕೆಲವು ಕೆಲಸಗಳಿಗೆ ವಿನಾಯಿತಿ ಇತ್ತು: ಒಣಗಿಸುವುದು, ಮಾರುವುದು, ದಾಸ್ತಾನಿಡುವುದು ಇತ್ಯಾದಿ. ಆ ಪಟ್ಟಿಯ ಬಾಲದಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು. ‘ಶಿಪ್‌ಮೆಂಟ್’ ಆದ ಮೇಲೆ ಕಾಮಾ ಇರಲಿಲ್ಲ. ಓಕ್‌ಹರ್ಸ್ಟ್ ಡೇರಿಯ ಡ್ರೈವರ್‌ಗಳು ಹಾಲು ಹಂಚುತ್ತಿದ್ದರೇ ಹೊರತು ಪ್ಯಾಕ್ ಮಾಡುತ್ತಿರಲಿಲ್ಲ. ಸಾಗಣೆಗೋ ಹಂಚಿಕೆಗೋ ಪ್ಯಾಕ್ ಮಾಡುವುದಕ್ಕಷ್ಟೇ ವಿನಾಯಿತಿ, ಬರೀ ಹಂಚುವುದಕ್ಕಿಲ್ಲ ಎಂದು ಅವರು ವಾದಿಸಿದರು. ಪಟ್ಟಿಯ ಕೆಲಸಗಳೆಲ್ಲ ‘ಇಂಗ್’ನಲ್ಲಿ ಮುಗಿಯುತ್ತವೆ, ‘ಡಿಸ್ಟ್ರಿಬ್ಯೂಷನ್’ ಮಾತ್ರ ಮುಗಿಯುವುದಿಲ್ಲ ಎಂಬುದನ್ನೂ ಎತ್ತಿ ತೋರಿಸಿದರು. ಏಳನೇ ತರಗತಿಯ ವ್ಯಾಕರಣ, ಆದರೆ ಎಂಥ ಪಟ್ಟು! 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾಕ್ಯಕ್ಕೆ ಎರಡರ್ಥವಿದೆ, ಹಾಗಾಗಿ ಕಾರ್ಮಿಕರ ಪರವಾಗಿ ಓದಬೇಕು ಎಂದಿತು. ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ರಾಜ್ಯದವರು ಆ ಪಟ್ಟಿಯನ್ನು ತಿದ್ದಿ ಬರೆದಾಗ ಕಾಮಾಗಳನ್ನೇ ತೆಗೆದು ಸೆಮಿಕೋಲನ್ ಇಟ್ಟರು, ‘ಡಿಸ್ಟ್ರಿಬ್ಯೂಟಿಂಗ್’ ಎಂದೂ ಬದಲಿಸಿದರು.

ಪಟ್ಟಿಯ ಕೊನೆಯ ‘ಆ್ಯಂಡ್’, ‘ಆರ್’ಗಳ ಹಿಂದೆ ಬರುವ ಈ ಕಾಮಾಕ್ಕೆ ಆಕ್ಸ್‌ಫರ್ಡ್ ಕಾಮಾ ಎಂದೇ ಹೆಸರು. ಬ್ರಿಟಿಷ್ ಪತ್ರಿಕೆಗಳು ಹೆಚ್ಚಾಗಿ ಅದನ್ನು ಬಿಡುತ್ತವೆ. ಕಲಿಯುವವರು ಹಾಕಿಕೊಳ್ಳುವುದೇ ಕ್ಷೇಮ ಎಂದು ನನ್ನ ಮತ.

ಕನ್ನಡಿಗರ ಇಂಗ್ಲಿಷಿನಲ್ಲಿ ‘ದಟ್’ಗಿಂತ ದೊಡ್ಡ ತೊಡಕು ಇನ್ನೊಂದಿದೆ. ‘ಮನೆಗೆ ಬಂದೆ, ಊಟ ಮಾಡಿದೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಬರೆಯುತ್ತೇವೆ. ಅದೇ ಧಾಟಿಯಲ್ಲಿ ‘ಐ ಕೇಮ್ ಹೋಮ್, ಐ ಹ್ಯಾಡ್ ಲಂಚ್’ ಎಂದರೆ ತಪ್ಪು. ಎರಡು ಪೂರ್ಣ ವಾಕ್ಯಗಳನ್ನು ಹಿಡಿದಿಡುವ ತ್ರಾಣ ಇಂಗ್ಲಿಷಿನ ಕಾಮಾಕ್ಕಿಲ್ಲ. ಜೊತೆಗೆ ‘ಆ್ಯಂಡ್’ ಬೇಕು, ಇಲ್ಲವೇ ಕಾಮಾದ ಜಾಗದಲ್ಲಿ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಬರಬೇಕು. ಸೆಮಿಕೋಲನ್ ಇಡಲು ಕೈ ನಡುಗುವವರು ಫುಲ್‌ಸ್ಟಾಪ್ ಇಟ್ಟು ಮುಂದಕ್ಕೆ ಹೋಗಬಹುದು. ಯಾರೂ ಅಂಕ ಕಳೆಯುವುದಿಲ್ಲ.