ಫೇಸ್‌ಲಿಫ್ಟ್ ಶಸ್ತ್ರಚಿಕಿತ್ಸೆ

ಫೇಸ್‌ಲಿಫ್ಟ್ ಎಂಬುದು ವಯಸ್ಸಾದಂತೆ ಕೆನ್ನೆ, ದವಡೆ ಹಾಗೂ ಕುತ್ತಿಗೆಯಲ್ಲಿ ಜೋತುಬೀಳುವ ಚರ್ಮವನ್ನೂ ಅದರ ಕೆಳಗಿನ ಪದರವನ್ನೂ ಮೇಲೆತ್ತಿ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಯಾಗಿದೆ. ವೈದ್ಯಕೀಯ ಪರಿಭಾಷೆಯಲ್ಲಿ ಇದನ್ನು ರಿಟಿಡೆಕ್ಟಮಿ ಎನ್ನುತ್ತಾರೆ. ಗ್ರೀಕ್ ಮೂಲದ ಈ ಪದಕ್ಕೆ ಸುಕ್ಕುಗಳನ್ನು ಕತ್ತರಿಸಿ ತೆಗೆಯುವುದು ಎಂಬ ಅರ್ಥವಿದ್ದರೂ, ಹಣೆಯ ಗೆರೆ, ಕಣ್ಣಿನ ಕೆಳಗಿನ ಚೀಲ, ಬಂಗು ಮತ್ತು ಮೊಡವೆಯ ಕಲೆಗಳು ಇದರಿಂದ ಹೋಗುವುದಿಲ್ಲ. ಇದು ಪ್ಲಾಸ್ಟಿಕ್ ಸರ್ಜರಿಯ ಒಂದು ಪ್ರಕಾರ. ಇಲ್ಲಿ 'ಪ್ಲಾಸ್ಟಿಕ್' ಎಂದರೆ ರೂಪ ಕೊಡುವುದು ಎಂದೇ ಹೊರತು, ದೇಹದೊಳಗೆ ಪ್ಲಾಸ್ಟಿಕ್ ವಸ್ತುವನ್ನು ಇಡುವುದು ಎಂದಲ್ಲ.

ಇತಿಹಾಸ

ಮುಖದ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಮೈಸೂರು ಯುದ್ಧಕ್ಕೂ ಒಂದು ಸ್ಥಾನವಿದೆ. ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಎತ್ತುಗಳನ್ನು ನಡೆಸುತ್ತಿದ್ದ ಕೋವಾಸ್ಜಿ ಎಂಬಾತ ಟಿಪ್ಪು ಸುಲ್ತಾನನ ಸೈನಿಕರಿಗೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡನು. ಪುಣೆಯ ಕಡೆಯ ದೇಶೀ ವೈದ್ಯನೊಬ್ಬ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಮೂಗನ್ನು ಕಟ್ಟಿಕೊಟ್ಟನು. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆ ಈ ವರದಿಯನ್ನು ಪ್ರಕಟಿಸಿದ ಬಳಿಕ ಯುರೋಪಿನ ವೈದ್ಯರು ಈ ವಿದ್ಯೆಯನ್ನು ಕಲಿತರು. ಅದು ಕಳೆದುಹೋದ ಅಂಗದ ಮರುನಿರ್ಮಾಣ. ಸೌಂದರ್ಯಕ್ಕಾಗಿ ಮಾಡುವ ಫೇಸ್‌ಲಿಫ್ಟ್ ಬಹಳ ತಡವಾಗಿ ಬಂದಿತು. 1901ರಲ್ಲಿ ಬರ್ಲಿನ್ನಿನ ಯೂಜೆನ್ ಹೊಲೆಂಡರ್ ಮಾಡಿದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಇದರ ಆರಂಭವೆಂದು ಹೇಳಲಾಗುತ್ತದೆ.

ವಿಧಾನ

ಕಿವಿಯ ಮೇಲಿನ ಕೂದಲಂಚಿನಿಂದ ಆರಂಭಿಸಿ, ಕಿವಿಯ ಮುಂದೆ ಇಳಿದು, ಹಾಲೆಯನ್ನು ಬಳಸಿ ಕಿವಿಯ ಹಿಂದಕ್ಕೆ ಹೋಗುವಂತೆ ಚರ್ಮವನ್ನು ಕತ್ತರಿಸಲಾಗುತ್ತದೆ. ಮೊದಮೊದಲು ವೈದ್ಯರು ಚರ್ಮವನ್ನಷ್ಟೇ ಎಳೆದು ಹೊಲಿಯುತ್ತಿದ್ದರು. ಎಳೆತದ ಭಾರವೆಲ್ಲ ಚರ್ಮದ ಮೇಲೆಯೇ ಬೀಳುತ್ತಿದ್ದುದರಿಂದ ಅದು ಬೇಗ ಸಡಿಲವಾಗುತ್ತಿತ್ತು, ಮುಖವೂ ಬಿಗಿದಂತೆ ಕಾಣುತ್ತಿತ್ತು. ಚರ್ಮದ ಕೆಳಗೆ ಸ್ನಾಯುಗಳಿಗೆ ಹೊಂದಿಕೊಂಡ 'ಸ್ಮಾಸ್' ಎಂಬ ಪದರವನ್ನು 1976ರಲ್ಲಿ ಮಿಟ್ಜ್ ಮತ್ತು ಪೆರೋನಿ ವಿವರಿಸಿದರು. ಇಂದು ಬಿಗಿಗೊಳಿಸುವುದು ಮುಖ್ಯವಾಗಿ ಈ ಪದರವನ್ನೇ. ಮೇಲಿನ ಹೆಚ್ಚುವರಿ ಚರ್ಮವನ್ನು ಎಳೆಯದೆ ಕತ್ತರಿಸಿ ಹೊಲಿಯುತ್ತಾರೆ.

ಪೂರ್ವಸಿದ್ಧತೆ

ರೋಗಿಯು ವೈದ್ಯರೊಂದಿಗೆ ಎಷ್ಟು ಮುಚ್ಚುಮರೆಯಿಲ್ಲದೆ ಮಾತನಾಡುತ್ತಾನೆ ಎಂಬುದರ ಮೇಲೆ ಸುರಕ್ಷತೆಯ ಬಹುಪಾಲು ನಿಂತಿದೆ. ತಂಬಾಕಿನ ಅಭ್ಯಾಸವನ್ನು ಮರೆಮಾಚುವುದು ಎಲ್ಲಕ್ಕಿಂತ ಅಪಾಯಕಾರಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕಿರಿದುಗೊಳಿಸುವುದರಿಂದ, ತಳದಿಂದ ಬಿಡಿಸಿದ ಚರ್ಮಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು. ಬೀಡಿ ಸಿಗರೇಟು ಸೇದದವರೂ ಎಲೆ-ಅಡಿಕೆಯೊಂದಿಗೆ ತಂಬಾಕು ಅಗಿಯುವುದನ್ನು, ನಶ್ಯ ಏರಿಸುವುದನ್ನು ತಿಳಿಸಬೇಕು. ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲಿನಿಂದ, ಗಾಯ ಮಾಯುವವರೆಗೆ ಇವನ್ನೆಲ್ಲ ಬಿಡಬೇಕಾಗುತ್ತದೆ. ಆಸ್ಪಿರಿನ್‌ನಂತಹ ರಕ್ತ ತೆಳುವಾಗಿಸುವ ಔಷಧಗಳನ್ನು ನಿಲ್ಲಿಸಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹೃದ್ರೋಗಿಗಳು ತಾವಾಗಿಯೇ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಕಿವಿ ಚುಚ್ಚಿಸಿದಾಗ ಗಂಟುಕಟ್ಟಿದ್ದವರು ಅದನ್ನೂ ಹೇಳಬೇಕು. ಅದು ಕೀಲಾಯ್ಡ್ ಎಂಬ ಉಬ್ಬುಗಲೆಯ ಸೂಚನೆಯಾಗಿರಬಹುದು. ಕಂದು ಚರ್ಮದವರಲ್ಲಿ ಇದರ ಸಂಭವ ಹೆಚ್ಚು.

ನಂತರದ ದಿನಗಳು

ಮೊದಲ 24 ಗಂಟೆಗಳು ನಿರ್ಣಾಯಕ. ಚರ್ಮದಡಿ ರಕ್ತ ಕಟ್ಟಿಕೊಳ್ಳುವುದು ಈ ಶಸ್ತ್ರಚಿಕಿತ್ಸೆಯ ಅತಿ ಸಾಮಾನ್ಯ ತೊಡಕಾಗಿದ್ದು, ರಕ್ತದೊತ್ತಡ ಇರುವವರಲ್ಲಿ ಮತ್ತು ಪುರುಷರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಮುಖದ ಒಂದೇ ಬದಿ ಇದ್ದಕ್ಕಿದ್ದಂತೆ ಊದಿ ನೋವು ಏರತೊಡಗಿದರೆ ತಡಮಾಡದೆ ವೈದ್ಯರು ನೋಡಬೇಕು. ಆದ್ದರಿಂದ ಹಡಗಲಿ ತಾಲ್ಲೂಕಿನ ಇಟ್ಟಿಗಿಯಂತಹ ಊರಿನಿಂದ ದಾವಣಗೆರೆ, ಹುಬ್ಬಳ್ಳಿ ಅಥವಾ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಪಡೆಯುವವರು ಅಂದೇ ಬಸ್ಸು ಹತ್ತಿ ಮರಳುವ ಯೋಚನೆ ಮಾಡಬಾರದು. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು ಒಂದು ವಾರದಿಂದ ಹತ್ತು ದಿನ, ಆಸ್ಪತ್ರೆಯ ಸಮೀಪ ಉಳಿಯುವುದು ಲೇಸು.

ಬಾವು ಮತ್ತು ನೀಲಿಗಟ್ಟಿದ ಬಣ್ಣ ಬಹುಮಟ್ಟಿಗೆ ಇಳಿಯಲು ಎರಡು ಮೂರು ವಾರ ಬೇಕು. ಮೊದಲ ವಾರ ಕನ್ನಡಿ ನೋಡಿದವರು ಎದೆಗುಂದುವುದು ಸಹಜ. ಕಿವಿಯ ಸುತ್ತಲಿನ ಮರಗಟ್ಟುವಿಕೆ ತಿಂಗಳುಗಟ್ಟಲೆ ಇರಬಹುದು. ಭಾರವಾದ ಓಲೆ, ಜುಮುಕಿಗಳನ್ನು ವೈದ್ಯರು ಒಪ್ಪುವವರೆಗೆ ಧರಿಸಬಾರದು. ಗಾಯದ ಗೆರೆ ಮಾಸಿದರೂ ಅಳಿಸಿಹೋಗುವುದಿಲ್ಲ. ತುರುಬು ಕಟ್ಟುವವರಲ್ಲಿ ಕಿವಿಯ ಹಿಂದಿನ ಗೆರೆ ಕಾಣಬಹುದು. ಅಪರೂಪಕ್ಕೆ ಮುಖದ ನರಕ್ಕೆ ಪೆಟ್ಟಾಗಿ ತುಟಿ ಅಥವಾ ಹುಬ್ಬಿನ ಚಲನೆ ಕುಂದುತ್ತದೆ. ಹೆಚ್ಚಿನವರಲ್ಲಿ ಅದು ಕಾಲಕ್ರಮೇಣ ಸರಿಹೋಗುತ್ತದೆ, ಎಲ್ಲರಲ್ಲಿಯೂ ಅಲ್ಲ. ಫಲಿತಾಂಶವು ಹಲವು ವರ್ಷ ಉಳಿಯುತ್ತದೆಯಾದರೂ ವಯಸ್ಸಾಗುವುದು ನಿಲ್ಲುವುದಿಲ್ಲ.

ವೈದ್ಯರ ಹಾಗೂ ಆಸ್ಪತ್ರೆಯ ಆಯ್ಕೆ

2022ರ ಮೇ ತಿಂಗಳಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಶಸ್ತ್ರಚಿಕಿತ್ಸೆಯ ಬಳಿಕ 21ನೆಯ ವಯಸ್ಸಿನಲ್ಲಿ ನಿಧನರಾದರು. ವೈದ್ಯರ ನಿರ್ಲಕ್ಷ್ಯವೇ ಕಾರಣವೆಂದು ಪಾಲಕರು ಆರೋಪಿಸಿದರು. ಅದು ಫೇಸ್‌ಲಿಫ್ಟ್ ಅಲ್ಲವಾದರೂ, ಸೌಂದರ್ಯ ಚಿಕಿತ್ಸೆಯನ್ನು ಹಗುರವಾಗಿ ಕಾಣುವ ರೂಢಿಯ ಕುರಿತು ನಾಡಿನಲ್ಲಿ ಚರ್ಚೆಯಾಯಿತು. ಭಾರತದಲ್ಲಿ ಪ್ಲಾಸ್ಟಿಕ್ ಸರ್ಜನ್ನರ ವಿಶೇಷ ಪದವಿ ಎಂ.ಸಿಎಚ್. ಅಥವಾ ತತ್ಸಮಾನವಾದ ರಾಷ್ಟ್ರೀಯ ಮಂಡಳಿಯ ಪದವಿ. 'ಕಾಸ್ಮೆಟಾಲಜಿ' ಪ್ರಮಾಣಪತ್ರ ಇದಕ್ಕೆ ಸಮನಲ್ಲ. ಕರ್ನಾಟಕದಲ್ಲಿ ಚಿಕಿತ್ಸಾಲಯವು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿಯಾಗಿರಬೇಕು. ಅರಿವಳಿಕೆ ತಜ್ಞರು ಯಾರು, ತುರ್ತು ನಿಗಾ ಘಟಕವಿದೆಯೇ ಎಂಬುದನ್ನು ರೋಗಿಯ ಮನೆಯವರೂ ಮುಂಚಿತವಾಗಿ ಕೇಳಬಹುದು.

ಕೇವಲ ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ನೆರವಿಲ್ಲ. ಸಾಮಾನ್ಯ ಆರೋಗ್ಯ ವಿಮೆಗಳೂ ಇದನ್ನು ಹೊರಗಿಡುವುದರಿಂದ ವೆಚ್ಚವನ್ನು ರೋಗಿಯೇ ಭರಿಸಬೇಕಾಗುತ್ತದೆ.