ಭಾನುವಾರ ಶೆಡ್ಡಿನಲ್ಲಿ ಕೇಳುವ ಸದ್ದು

ಸುಗಟೂರಿನ ಪಾಳೆಯಗಾರ ತಮ್ಮೇಗೌಡ 1595ರ ಸುಮಾರಿಗೆ ಕಟ್ಟಿಸಿದ ಊರು ಹೊಸಕೋಟೆ. ಆ ಊರಿನ ಬಳಿ 2017ರಿಂದ ವೋಲ್ವೊ ಕಾರುಗಳು ಜೋಡಣೆಯಾಗುತ್ತಿವೆ. ಗಮನಿಸಿ, ಜೋಡಣೆ. ಯಾವ ಕಾರು ಕಂಪನಿಯಾದರೂ ಮುಖ್ಯವಾಗಿ ಮಾಡುವುದು ಅದನ್ನೇ. ಕೊನೆಯ ಸ್ಕ್ರೂವರೆಗೆ ಎಣಿಸಿದರೆ ಕಾರಿಗೆ ಸುಮಾರು 30,000 ಬಿಡಿಭಾಗ. ಅವುಗಳಲ್ಲಿ ಹೆಚ್ಚಿನವು ಬೇರೆಯವರ ಶೆಡ್ಡುಗಳಿಂದ ಬರುತ್ತವೆ. ಅವುಗಳ ಹೊಗೆ, ಗಲೀಜು ನೀರು, ಕರೆಂಟು ಬಿಲ್ಲೂ ಅಲ್ಲೇ.

2018ಕ್ಕೆ ಹೋಲಿಸಿದರೆ 2025ರೊಳಗೆ ಪ್ರತಿ ಕಾರಿನ ಇಂಗಾಲದ ಹೊರೆಯನ್ನು ಶೇ 40ರಷ್ಟು ತಗ್ಗಿಸುತ್ತೇವೆ, ಪೂರೈಕೆದಾರರ ಪಾಲನ್ನೂ ಶೇ 25ರಷ್ಟು ಇಳಿಸುತ್ತೇವೆ ಎಂದು ವೋಲ್ವೊ ಕಾರ್ಸ್ 2019ರಲ್ಲಿ ಹೇಳಿತ್ತು. ಮಾತು ಕೊಟ್ಟವರು ಒಬ್ಬರು, ಇಳಿಸಬೇಕಾದವರು ಇನ್ನೊಬ್ಬರು!

ಹೇಗೆ ಇಳಿಸುವುದು? ಹೊಸಕೋಟೆ ದಾಟಿ ಮಾಲೂರು, ನರಸಾಪುರದ ಕಡೆ ಬನ್ನಿ. ನರಸಾಪುರದಲ್ಲಿ 2013ರಲ್ಲಿ ಹೋಂಡಾದ ದ್ವಿಚಕ್ರ ವಾಹನ ಕಾರ್ಖಾನೆ ಶುರುವಾಯಿತು; ಈ ಸೀಮೆಗೆ ವೆಂಡರ್, ಆಡಿಟ್, ರಿಜೆಕ್ಷನ್ ಎಂಬ ಮಾತುಗಳೆಲ್ಲ ಈಗ ಮನೆಮಾತು. ಇಂಥ ಯಾವುದೇ ಸಣ್ಣ ಶೆಡ್ಡಿನಲ್ಲಿ ಭಾನುವಾರ ಮೆಷಿನ್‌ಗಳನ್ನೆಲ್ಲ ನಿಲ್ಲಿಸಿ, ಕಂಪ್ರೆಸರ್ ಒಂದನ್ನೇ ಓಡಿಸಿ ಸುಮ್ಮನೆ ನಿಂತುಕೊಳ್ಳಿ. ಎಲ್ಲೋ ಹಾವು ಬುಸುಗುಟ್ಟಿದ ಹಾಗೆ ಸದ್ದು. ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ನಿಗಾ ಇಲ್ಲದ ಕಡೆ ಕಂಪ್ರೆಸರ್ ತುಂಬಿದ ಗಾಳಿಯಲ್ಲಿ ಕಾಲು ಭಾಗದವರೆಗೆ ಹೀಗೆ ಸೋರಿಹೋಗುವುದುಂಟು; ಸೋರಿದ್ದು ಗಾಳಿಯಾದರೂ ದಂಡವಾಗುವುದು ಕರೆಂಟು. ಸೋಲಾರ್ ಹಾಕಿಸುವ ಮೊದಲು ನೂರಿನ್ನೂರು ರೂಪಾಯಿಯ ವಾಷರು ಹಾಕಿಸುವುದು ಜಾಣತನ.

ನೀರಿನ ಕಥೆ ಇನ್ನೂ ಹತ್ತಿರದ್ದು. ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆ ಕೋಲಾರ; 2018ರಿಂದ ಇಲ್ಲಿನ ಕೆರೆಗಳಿಗೆ ಬರುತ್ತಿರುವುದು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಸಂಸ್ಕರಿಸಿ ಕಳಿಸುವ ಕೊಳಚೆ ನೀರು. ಇಂಥ ಕಡೆ ಶೆಡ್ಡುಗಳಲ್ಲಿ ಪ್ಲೇಟಿಂಗ್ (ಲೋಹದ ಲೇಪ) ಆದ ಬಿಡಿಭಾಗವನ್ನು ಮೂರು ತೊಟ್ಟಿಗಳಲ್ಲಿ ತೊಳೆಯುತ್ತಾರೆ. ಮೂರಕ್ಕೂ ಬೇರೆ ಬೇರೆ ನಲ್ಲಿ ಬಿಟ್ಟರೆ ನೀರು ಹರಿದದ್ದೇ ಹರಿದದ್ದು. ಕೊನೆಯ ತೊಟ್ಟಿಗೆ ಮಾತ್ರ ಹೊಸ ನೀರು ಬಿಟ್ಟು, ಅದು ತುಂಬಿ ಎರಡನೆಯದಕ್ಕೆ, ಅಲ್ಲಿಂದ ಮೊದಲನೆಯದಕ್ಕೆ ಇಳಿಯುವಂತೆ ಮಾಡಿದರೆ ಅದೇ ಕೆಲಸಕ್ಕೆ ಎಷ್ಟೋ ಕಡಿಮೆ ನೀರು ಸಾಕು. ಪಾತ್ರೆ ಗಲಬರಿಸಿದ ನೀರಿನಲ್ಲೇ ಮುಂದಿನ ಪಾತ್ರೆಯ ಮುಸುರೆ ತೆಗೆಯುವ ನಮ್ಮ ಹೆಂಗಸರಿಗೆ ಇದನ್ನು ಯಾವ ಕನ್ಸಲ್ಟೆಂಟೂ ಹೇಳಿಕೊಡಬೇಕಿಲ್ಲ.

ಕಾಗದಪತ್ರಕ್ಕೂ ದಾರಿಗಳಿವೆ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಕೊಡುವ ‘ಝೆಡ್’ (ಶೂನ್ಯ ದೋಷ, ಶೂನ್ಯ ಪರಿಣಾಮ) ಪ್ರಮಾಣಪತ್ರಕ್ಕೆ 2022ರಿಂದ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತ. ಅತಿ ಸಣ್ಣ ಘಟಕಗಳಿಗೆ ಶುಲ್ಕದಲ್ಲಿ ಶೇ 80 ರಿಯಾಯಿತಿ. ಆದರೆ ದೊಡ್ಡ ಕಂಪನಿಗಳು ಫಾರಂ ಕಳಿಸಿದಷ್ಟು ಸಲೀಸಾಗಿ ತಮ್ಮ ಎಂಜಿನಿಯರನ್ನು ನಾಲ್ಕು ದಿನ ವೆಂಡರ್‌ನ ಶೆಡ್ಡಿಗೆ ಕಳಿಸಿಕೊಡಬೇಕು. ಅದಕ್ಕಿಂತ ದೊಡ್ಡದು ರೇಟಿನ ಮಾತು. ವರ್ಷ ವರ್ಷ ಪೀಸಿನ ಬೆಲೆ ಇಳಿಸಿ ಎನ್ನುವುದು ಈ ವ್ಯಾಪಾರದ ಹಳೇ ಚಾಳಿ. ಕರೆಂಟಿನಲ್ಲಿ, ನೀರಿನಲ್ಲಿ ಉಳಿದ ಕಾಸನ್ನೂ ಪರ್ಚೇಸ್ ಇಲಾಖೆ ಹೀಗೇ ಬಳಿದುಕೊಂಡರೆ, ಮುಂದಿನ ಭಾನುವಾರ ಸೋಪಿನ ನೀರು ಹಿಡಿದು ಶೆಡ್ಡಿನ ಬಾಗಿಲು ತೆಗೆಯುವವರು ಯಾರು?